ಮೂರು ಹನಿ ಎಣ್ಣೆಯ ಲೆಕ್ಕ

ಹೋದ ಬೇಸಿಗೆಯಲ್ಲಿ ನಮ್ಮ ಹಾಸ್ಟೆಲ್ ರೂಮಿನ ಟೇಬಲ್ ಫ್ಯಾನ್ ಒದರಲಿಕ್ಕೆ ಶುರು ಮಾಡಿತು. ಯಾದಗಿರಿಯ ಏಪ್ರಿಲ್ ಬಿಸಿಲು ಎಂಥದು ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಹೊರಗಿನಿಂದ ಬಂದ ಗೆಳೆಯರಿಗೆ ಒಂದೇ ವಾರದಲ್ಲಿ ಗೊತ್ತಾಗುತ್ತದೆ. ರಾತ್ರಿ ಹನ್ನೊಂದಾದರೂ ಗೋಡೆ ಮುಟ್ಟಿದರೆ ಬಿಸಿ. ಅಂಥದರಲ್ಲಿ ಫ್ಯಾನ್ ನಿಂತರೆ ನಿದ್ದೆಯೂ ಹೋದ ಹಾಗೆ. ನಾವು ನಾಲ್ಕು ಜನ ಮೆಕ್ಯಾನಿಕಲ್ ಹುಡುಗರು. ಒಂದು ಫ್ಯಾನನ್ನು ರಿಪೇರಿಗೆ ಹೊರಗೆ ಕೊಡೋದಂದ್ರೆ ಮರ್ಯಾದೆಗೆ ಕಡಿಮೆ ಅಂದುಕೊಂಡು, ಸ್ಕ್ರೂಡ್ರೈವರ್ ಹಿಡಿದು ನಾವೇ ಬಿಚ್ಚಲಿಕ್ಕೆ ಕೂತೆವು.

ಶಾಫ್ಟ್ ಕೂರುವ ಎರಡೂ ಬುಷ್‌ಗಳ ಸುತ್ತ ಕರಿ ಜಿಡ್ಡು. ಪೆಟ್ರೋಲಿನಲ್ಲಿ ಹಾಕಿ ತಿಕ್ಕಿ ತಿಕ್ಕಿ ತೊಳೆದೆವು. ಒಳಗೆ ಒರಟಾಗಿದೆ ಅನ್ನಿಸಿತು, ಪಾಲಿಶ್ ಪೇಪರ್ ಸುತ್ತಿ ಉಜ್ಜಿದೆವು. ಕನ್ನಡಿ ಹಾಗೆ ಹೊಳೆಯಿತು. ಆಮೇಲೆ ಸೈಕಲ್ ಅಂಗಡಿಯಿಂದ ತಂದ ಗ್ರೀಸನ್ನು ಕೈಯಾರೆ ತುಂಬಿ ಮುಚ್ಚಿದೆವು. ಫ್ಯಾನ್ ಸದ್ದಿಲ್ಲದೆ ತಿರುಗಿತು. ಆ ರಾತ್ರಿ ನಮ್ಮ ಹೆಮ್ಮೆ ನೋಡಬೇಕಿತ್ತು. ಹದಿನೈದು ದಿನವೂ ಆಗಲಿಲ್ಲ, ಶಾಫ್ಟ್ ಕಚ್ಚಿಕೊಂಡು ನಿಂತಿತು. ವೈಂಡಿಂಗ್ ಸುಟ್ಟ ವಾಸನೆ ರೂಮಿನ ತುಂಬ.

ಭಾನುವಾರ ಊರಿಗೆ ಹೊರಟಿದ್ದ ನಮ್ಮಲ್ಲೊಬ್ಬ ಅದನ್ನು ಶಹಾಪುರಕ್ಕೆ ಹೊತ್ತುಕೊಂಡು ಹೋದ. ಉಳಿದವರೂ ಬೆನ್ನು ಹತ್ತಿದೆವು. ಅಲ್ಲಿ ಒಬ್ಬ ಕಾಕಾ ಮೂವತ್ತು ವರ್ಷದಿಂದ ಫ್ಯಾನ್, ಮಿಕ್ಸಿ, ಕೂಲರ್ ರಿಪೇರಿ ಮಾಡುತ್ತಾರೆ. ಬುಷ್ ತೆಗೆದು ಬೆಳಕಿಗೆ ಹಿಡಿದು ನೋಡಿದರು.

"ಯಾರ್ ಬಿಚ್ಯಾರ ಇದನ್ನ?"

"ನಾವೇರಿ ಕಾಕಾ."

"ಏನ್ ಓದ್ತೀರಿ?"

"ಎಂಜಿನಿಯರಿಂಗ್ ರಿ."

ಕಾಕಾ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ತಮ್ಮಾ, ನೀರಿನ ಗಡಿಗಿಗೆ ಪೇಂಟ್ ಹೊಡದು, ಒಳಗಿನ ನೀರು ತಣ್ಣಗಾಗ್ಲಿ ಅಂದ್ರ ಆಗ್ತದೇನು?" ಅಂದರು.

ಆಮೇಲೆ ಒಂದು ಹೊಸ ಬುಷ್ ತೆಗೆದು ಒರೆಸಿ ನಮ್ಮ ಕೈಗೆ ಕೊಟ್ಟರು. ಪೂರ್ತಿ ಒಣಗಿತ್ತು. ಅದನ್ನೇ ಚಿಮಟದಲ್ಲಿ ಹಿಡಿದು ಲೈಟರ್ ಉರಿಯಿಂದ ಸ್ವಲ್ಪ ದೂರ ತೋರಿಸಿದರು. ಅರ್ಧ ನಿಮಿಷದಲ್ಲಿ ಕಂಚಿನ ಮೈಮೇಲೆ ಸಣ್ಣ ಸಣ್ಣ ಹನಿ ಮೂಡಿದವು, ಮನುಷ್ಯನಿಗೆ ಬೆವರು ಬಂದ ಹಾಗೆ. ಬುಷ್ ಕೆಳಗಿಟ್ಟರು. ಅದು ತಣ್ಣಗಾಗುತ್ತಿದ್ದಂತೆ ಹನಿಗಳು ಮತ್ತೆ ಒಳಗೆ ಇಂಗಿದವು.

ನಾಚಿಕೆಯ ವಿಷಯ ಅಂದ್ರೆ, ಹಿಂದಿನ ಸೆಮಿಸ್ಟರ್‌ನಲ್ಲಷ್ಟೇ ನಾವು ನಾಲ್ವರೂ ಪೌಡರ್ ಮೆಟಲರ್ಜಿ ಮೇಲೆ ದೊಡ್ಡ ಪ್ರಶ್ನೆಗೆ ಉತ್ತರ ಬರೆದು ಬಂದಿದ್ದೆವು. ಫ್ಲೋ ಚಾರ್ಟ್ ಹಾಕಿದ್ದೆವು. 'ಉಪಯೋಗಗಳು' ಅನ್ನೋ ಪಟ್ಟಿಯಲ್ಲಿ ಮೊದಲನೆಯದೇ 'ತಾನೇ ಎಣ್ಣೆ ಕೊಟ್ಟುಕೊಳ್ಳುವ ಬೇರಿಂಗ್'. ಅಂಕವೂ ಬಂದಿತ್ತು. ಅದೇ ಬೇರಿಂಗ್ ಕೈಗೆ ಬಂದಾಗ ಗುರುತೇ ಸಿಗಲಿಲ್ಲ. ಒಳಗಿದ್ದ ಎಣ್ಣೆಯನ್ನು ಪೆಟ್ರೋಲಿನಲ್ಲಿ ತೊಳೆದು ತೆಗೆದೆವು. ಎಣ್ಣೆ ಬರುವ ಬಾಗಿಲನ್ನು ಪಾಲಿಶ್ ಪೇಪರ್‌ನಿಂದ ಸವರಿ ಮುಚ್ಚಿದೆವು. ಮೇಲೆ ಗ್ರೀಸ್ ಮೆತ್ತಿದೆವು. ಮೂರಕ್ಕೆ ಮೂರೂ ತಪ್ಪು.

ಈ ಲೇಖನ ಬರೆಯಲು ಆ ನಾಚಿಕೆಯೇ ಕಾರಣ. ಆದರೆ ಹೇಳಬೇಕಾದ್ದು ನಮ್ಮ ನಾಚಿಕೆಗಿಂತ ದೊಡ್ಡದಿದೆ.

ಹಸಿ ಇಟ್ಟಿಗೆ, ಸುಟ್ಟ ಇಟ್ಟಿಗೆ

ಕಂಪ್ಯೂಟರ್ ಸೈನ್ಸ್, ಸಿವಿಲ್ ಗೆಳೆಯರಿಗಾಗಿ ಎರಡು ಮಾತು. ಪೌಡರ್ ಮೆಟಲರ್ಜಿ ಅಂದ್ರೆ ಲೋಹವನ್ನು ಕರಗಿಸಿ ಅಚ್ಚಿಗೆ ಸುರಿಯದೆ, ಪುಡಿ ಮಾಡಿ, ಒತ್ತಿ, ಸುಟ್ಟು ಭಾಗ ತಯಾರಿಸುವ ವಿಧಾನ. ಇಟ್ಟಿಗೆ ಭಟ್ಟಿ ನೋಡಿದವರಿಗೆ ಇದು ಹೊಸದಲ್ಲ. ಮಣ್ಣು ಕಲಸಿ ಅಚ್ಚಿಗೆ ಹಾಕಿದರೆ ಹಸಿ ಇಟ್ಟಿಗೆ. ಆಕಾರ ಬಂದಿರುತ್ತದೆ, ಗಟ್ಟಿತನ ಇರೋದಿಲ್ಲ, ಕೈಜಾರಿದರೆ ಪುಡಿ. ಭಟ್ಟಿಯಲ್ಲಿ ಸುಟ್ಟ ಮೇಲೆ ಅದರ ಮೇಲೆ ಮನೆ ನಿಲ್ಲುತ್ತದೆ. ಪುಡಿ ಲೋಹದ ಕಾರ್ಖಾನೆಯಲ್ಲೂ ಪ್ರೆಸ್‌ನಿಂದ ಹೊರಬಂದ, ಇನ್ನೂ ಸುಡದ ಭಾಗಕ್ಕೆ 'ಹಸಿ' ಅನ್ನುವ ಅರ್ಥದ ಹೆಸರೇ ಇದೆ.

ಕಬ್ಬಿಣದ ಪುಡಿಯನ್ನು ಒತ್ತಲು ಚದರ ಸೆಂಟಿಮೀಟರಿಗೆ ಸುಮಾರು 4ರಿಂದ 7 ಟನ್ ಒತ್ತಡ ಬೇಕು. ಆಮೇಲೆ ಗಾಳಿಯ ಆಮ್ಲಜನಕ ತಾಗದ ಕುಲುಮೆಯಲ್ಲಿ ಸುಮಾರು 1,120 ಡಿಗ್ರಿ ಸೆಲ್ಸಿಯಸ್ ಕಾವು. ಕಬ್ಬಿಣ ಕರಗೋದು 1,538 ಡಿಗ್ರಿಗೆ, ಹಾಗಾಗಿ ಇಲ್ಲಿ ಕಬ್ಬಿಣ ಕರಗುವುದೇ ಇಲ್ಲ. ಕಣಕ್ಕೆ ಕಣ ತಾಗಿದ ಜಾಗದಲ್ಲಿ ಪರಮಾಣುಗಳು ಸರಿದು ಸೇತುವೆ ಕಟ್ಟಿಕೊಳ್ಳುತ್ತವೆ. ಇದೇ ಸಿಂಟರಿಂಗ್. ಬುಷ್‌ನ ಕಂಚಾದರೆ ಸಾಮಾನ್ಯವಾಗಿ 90 ಪಾಲು ತಾಮ್ರ, 10 ಪಾಲು ತವರ. ಅದಕ್ಕೆ 800ರಿಂದ 850 ಡಿಗ್ರಿ ಸಾಕು.

ಕಣಗಳ ನಡುವೆ ಉಳಿದ ಸಂದಿಗಳೇ ಈ ವಿಧಾನದ ಗುಟ್ಟು. ಬುಷ್‌ನಲ್ಲಿ ಗಾತ್ರದ ಐದನೇ ಒಂದು ಪಾಲಿನಿಂದ ಕಾಲು ಪಾಲಿನವರೆಗೆ ಬೇಕಂತಲೇ ಖಾಲಿ ಬಿಡುತ್ತಾರೆ. ಸಂದಿಗಳು ಒಂದಕ್ಕೊಂದು ಕೂಡಿಕೊಂಡಿರುತ್ತವೆ. ನಿರ್ವಾತದಲ್ಲಿಟ್ಟು ಅದರೊಳಗೆ ಎಣ್ಣೆ ತುಂಬಿಸುತ್ತಾರೆ. ಶಾಫ್ಟ್ ತಿರುಗಿ ಬಿಸಿಯಾದಾಗ ಎಣ್ಣೆ ಹಿಗ್ಗಿ, ತೆಳುವಾಗಿ ಹೊರಬರುತ್ತದೆ. ನಿಂತು ತಣ್ಣಗಾದಾಗ ಸಂದಿಗಳು ಅದನ್ನು ಮತ್ತೆ ಹೀರಿಕೊಳ್ಳುತ್ತವೆ. ಕಾಕಾ ಗಡಿಗೆಯ ಮಾತು ಹೇಳಿದ್ದು ಇದಕ್ಕೇ. ಗಡಿಗೆಯ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರ ಇರೋದರಿಂದಲೇ ನೀರು ಜಿನುಗಿ, ಆರಿ, ಒಳಗೆ ತಂಪಾಗುತ್ತದೆ. ರಂಧ್ರ ಮುಚ್ಚಿದರೆ ಗಡಿಗೆ ಬರೀ ಪಾತ್ರೆ, ಬುಷ್ ಬರೀ ಬಳೆ.

ಲೆಕ್ಕ ಹಾಕಿ ನೋಡೋಣ. ಒಳವ್ಯಾಸ 8 ಮಿ.ಮೀ., ಹೊರವ್ಯಾಸ 12 ಮಿ.ಮೀ., ಉದ್ದ 12 ಮಿ.ಮೀ. ಇರುವ ಬುಷ್ ಅಂತ ಇಟ್ಟುಕೊಳ್ಳಿ. ಅದರ ಗಾತ್ರ ಸುಮಾರು 0.75 ಘನ ಸೆಂ.ಮೀ. ಐದರಲ್ಲಿ ಒಂದು ಪಾಲು ಎಣ್ಣೆ ಅಂದ್ರೆ 0.15 ಘನ ಸೆಂ.ಮೀ. ಅಂದರೆ ಮೂರು ಹನಿ. ಮನೆಯ ಒಂದು ಟೇಬಲ್ ಫ್ಯಾನ್ ವರ್ಷಾನುಗಟ್ಟಲೆ ತಿರುಗೋದು ಈ ಮೂರು ಹನಿಯ ಮೇಲೆ. ಬುಷ್ ಸುತ್ತ ಎಣ್ಣೆಯಲ್ಲಿ ನೆನೆಸಿದ ಫೆಲ್ಟ್ ಉಂಗುರ ಇದ್ದರೆ ಇನ್ನೂ ಸ್ವಲ್ಪ ಜಾಸ್ತಿ, ಅಷ್ಟೆ.

'ಪುಡಿ ಮಾಲ್' ಅನ್ನೋ ಮಾತು

ಅಂಗಡಿಗಳಲ್ಲಿ ಒಂದು ಮಾತು ಕೇಳಿರುತ್ತೀರಿ: "ಮೊದಲಿನ ಕಂಪನಿ ಮಾಲ್ ಗಟ್ಟಿ ಇರ್ತಿತ್ರಿ, ಈಗಿಂದು ಬರೇ ಪುಡಿ ಒತ್ತಿ ಮಾಡ್ತಾರ." ಮನೆಯಲ್ಲಿ ದೊಡ್ಡವರೂ ಇದನ್ನೇ ಅನ್ನುತ್ತಾರೆ. ಈ ಮಾತನ್ನು ನಾವು ಪೂರ್ತಿ ಒಪ್ಪುವುದಿಲ್ಲ. ಪೂರ್ತಿ ತಳ್ಳಿಹಾಕುವುದೂ ಇಲ್ಲ.

ಮೊದಲು ಯಾಕೆ ಒಪ್ಪುವುದಿಲ್ಲ ಅಂತ. ಅದೇ ಬುಷ್ಷನ್ನು ಗಟ್ಟಿ ಕಂಚಿನ ಸರಳಿನಿಂದ ಲೇತ್ ಮೇಲೆ ತಯಾರಿಸಿದರೆ, 12 ಮಿ.ಮೀ. ಸರಳಿನಲ್ಲಿ 8 ಮಿ.ಮೀ. ತೂತು ಹೊಡೆಯೋದಕ್ಕೇ 44 ಪಾಲು ಲೋಹ ಚೂರಾಗಿ ಹೋಗುತ್ತದೆ. 64ನ್ನು 144ರಿಂದ ಭಾಗಿಸಿ ನೋಡಿ. ಪುಡಿಯಿಂದ ಮಾಡಿದರೆ ಹೆಚ್ಚೂಕಡಿಮೆ ಎಲ್ಲ ಲೋಹವೂ ಭಾಗದೊಳಗೇ ಇರುತ್ತದೆ. ತಾಮ್ರದ ರೇಟು ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತು. ಅಷ್ಟು ಖರ್ಚು ಮಾಡಿ ಲೇತಿನಲ್ಲಿ ಮಾಡಿದ ಬುಷ್ ಎಣ್ಣೆ ಹಿಡಿದಿಟ್ಟುಕೊಳ್ಳುತ್ತದೆಯೇ ಅಂದರೆ ಅದೂ ಇಲ್ಲ. ಅದಕ್ಕೆ ಹೊರಗಿನಿಂದ ಎಣ್ಣೆ ಬಿಡುತ್ತಲೇ ಇರಬೇಕು. ಇಲ್ಲಿ 'ಗಟ್ಟಿ' ಅನ್ನೋದು 'ಒಳ್ಳೇದು' ಅಂತ ಆಗೋದಿಲ್ಲ.

ಬೇಕಾದ ಆಕಾರಕ್ಕೆ ಹತ್ತಿರದಿಂದಲೇ ಶುರು ಮಾಡಿ, ಕೆತ್ತುವ ಕೆಲಸ ಉಳಿಸುವ ಈ ಬುದ್ಧಿ ನಮ್ಮ ನೆಲಕ್ಕೆ ಹಳೆಯದು. ಹಳೆಯ ಸುರಪುರ ತಾಲ್ಲೂಕಿನ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಮತ್ತು ಸಂಗಡಿಗರು ಅಗೆದು ತೆಗೆದ ಆದಿಮಾನವರ ಕಲ್ಲಿನ ಕಾರ್ಖಾನೆ ಸುಮಾರು 12 ಲಕ್ಷ ವರ್ಷ ಹಿಂದಿನದು ಅಂತ ಕಾಲನಿರ್ಣಯ ಆಗಿದೆ. ಅಲ್ಲಿನವರು ಸುಣ್ಣಕಲ್ಲಿನ ಚಪ್ಪಡಿಗಳಲ್ಲಿ ತಮಗೆ ಬೇಕಾದ ದಪ್ಪದ್ದನ್ನೇ ಆರಿಸಿ ಕೊಡಲಿ ಮಾಡುತ್ತಿದ್ದರು. ಕೆತ್ತಿ ಎಸೆಯೋದು ಕಡಿಮೆ ಆದಷ್ಟೂ ಕೆಲಸ ಜಾಣತನದ್ದು ಅನ್ನೋದು ಅವರಿಗೂ ಗೊತ್ತಿತ್ತು.

ಬುಷ್ ಒಂದೇ ಅಲ್ಲ. ನಮ್ಮ ಮನೆಗಳನ್ನೇ ಒಮ್ಮೆ ಸುತ್ತಿ ಬನ್ನಿ. ಮಿಕ್ಸಿ ಮೋಟಾರಿನ ಕಾರ್ಬನ್ ಕೂಡ ಪುಡಿ ಒತ್ತಿ ಸುಟ್ಟದ್ದೇ. ಫ್ರಿಜ್ ಕಂಪ್ರೆಸರ್ ಒಳಗಿನ ಪಿಸ್ಟನ್, ಕನೆಕ್ಟಿಂಗ್ ರಾಡ್, ವಾಲ್ವ್ ಪ್ಲೇಟು ಎಷ್ಟೋ ಮಾದರಿಗಳಲ್ಲಿ ಸಿಂಟರ್ ಮಾಡಿದ ಕಬ್ಬಿಣ. ಅಲ್ಲಿ ಸಂದಿ ಇದ್ದರೆ ಗ್ಯಾಸ್ ಸೋರುತ್ತದೆ, ಅದಕ್ಕೆ 500 ಡಿಗ್ರಿಗೂ ಮೇಲಿನ ಹಬೆ ಹಾಯಿಸಿ ಸಂದಿಗಳಲ್ಲಿ ಕಪ್ಪು ಕಬ್ಬಿಣದ ಆಕ್ಸೈಡ್ ಬೆಳೆಸಿ ಮುಚ್ಚುತ್ತಾರೆ. ಒಂದು ಕಡೆ ರಂಧ್ರವೇ ಕೆಲಸಗಾರ, ಇನ್ನೊಂದು ಕಡೆ ಅದೇ ಕಳ್ಳ. ವಾಷಿಂಗ್ ಮಷಿನ್ ಗೇರ್‌ಬಾಕ್ಸಿನ ಸಣ್ಣ ಹಲ್ಲುಗಾಲಿಗಳೂ ಹಲವು ಕಡೆ ಪುಡಿಯವೇ. ಫ್ರಿಜ್ ಬಾಗಿಲಿನ ರಬ್ಬರ್ ಪಟ್ಟಿಯೊಳಗಿನ ಮ್ಯಾಗ್ನೆಟ್ ಫೆರೈಟ್ ಪುಡಿಯದು. ನಮ್ಮ ಅಜ್ಜನ ಕಾಲದ ಹಳದಿ ಬಲ್ಬಿನ ಟಂಗ್‌ಸ್ಟನ್ ತಂತಿಯೂ ಪುಡಿಯಿಂದಲೇ ಬಂದದ್ದು. ಹಾಗಾಗಿ 'ಪುಡಿ ಮಾಲ್' ಅಂತ ಮೂಗು ಮುರಿದರೆ ಮನೆಯಲ್ಲಿ ಒಂದು ಸಾಮಾನೂ ಉಳಿಯೋದಿಲ್ಲ.

ಇನ್ನು ಆ ಮಾತನ್ನು ಪೂರ್ತಿ ಯಾಕೆ ತಳ್ಳಿಹಾಕುವುದಿಲ್ಲ ಅಂತ. ಪ್ರತಿ ವಸ್ತುವಿಗೂ ತಾಳುವ ಮಿತಿ ಇದೆ. ಕಂಚಿನ ಎಣ್ಣೆ ಬುಷ್‌ಗೆ ಕೈಪಿಡಿಗಳು ಹೇಳುವ ವೇಗದ ಮಿತಿ ಸೆಕೆಂಡಿಗೆ ಸುಮಾರು 6 ಮೀಟರ್. ಒತ್ತಡ ಮತ್ತು ವೇಗದ ಗುಣಲಬ್ಧ ಸುಮಾರು 1.75 ದಾಟಬಾರದು, ಒತ್ತಡ ಮೆಗಾಪ್ಯಾಸ್ಕಲ್‌ನಲ್ಲಿ, ವೇಗ ಸೆಕೆಂಡಿಗೆ ಮೀಟರ್‌ನಲ್ಲಿ. 8 ಮಿ.ಮೀ. ಶಾಫ್ಟಿನ ಟೇಬಲ್ ಫ್ಯಾನ್ ನಿಮಿಷಕ್ಕೆ 1,300 ಸುತ್ತು ತಿರುಗಿದರೆ ಶಾಫ್ಟಿನ ಮೈ ವೇಗ ಸೆಕೆಂಡಿಗೆ 0.54 ಮೀಟರ್. ಆರಾಮ. ಅದೇ ಶಾಫ್ಟು ಮಿಕ್ಸಿಯಲ್ಲಿ ಖಾಲಿ ಜಾರಿನೊಂದಿಗೆ 18,000 ಸುತ್ತು ತಿರುಗಿದರೆ 7.5 ಮೀಟರ್. ಮಿತಿ ದಾಟಿ ಆಯಿತು. ಒಳಗೆ ಶೇಂಗಾ ಬಿದ್ದ ಮೇಲೆ ವೇಗ 12,000ಕ್ಕೆ ಇಳಿಯಿತು ಅಂದುಕೊಂಡರೂ 5 ಮೀಟರ್. ಆಗ ನಮ್ಮ ಲೆಕ್ಕದ ಬುಷ್ ತಾಳಬಹುದಾದ ಭಾರ ಮೂರೂವರೆ ಕೆ.ಜಿ.ಗಿಂತ ಕಡಿಮೆ.

ಈಗ ನಮ್ಮ ಕಡೆ ಅಡುಗೆ ನೆನೆಸಿಕೊಳ್ಳಿ. ಶೇಂಗಾ ಹಿಂಡಿ, ಪುಟಾಣಿ ಹಿಂಡಿ, ಗುರೆಳ್ಳು ಹಿಂಡಿ, ಒಣ ಮೆಣಸಿನಕಾಯಿ ಖಾರ. ಎಲ್ಲ ಒಣದ್ದು, ಗಟ್ಟಿ. ಮದುವೆ, ಜಾತ್ರೆ ಬಂತಂದ್ರೆ ಅವ್ವ ಐದು ನಿಮಿಷದ ಬದಲು ಇಪ್ಪತ್ತು ನಿಮಿಷ ಬಿಡದೆ ಓಡಿಸುತ್ತಾಳೆ. ಮೇಲೆ ಹೊರಗಿನ ಕಾವು, ಗಾಳಿಯ ದೂಳು, ಹತ್ತಿ ಬಿಡಿಸುವ ಕಾಲಕ್ಕೆ ಮನೆ ತುಂಬ ಹಾರುವ ಅರಳೆ, ಸಂಜೆ ಹೊತ್ತಿನ ಕಡಿಮೆ ವೋಲ್ಟೇಜು. ಬುಷ್ ಸೋತರೆ ಅದು ಪುಡಿಯ ತಪ್ಪಲ್ಲ. ಎಲ್ಲಿ ಬುಷ್ ಸಾಕು, ಎಲ್ಲಿ ಬಾಲ್ ಬೇರಿಂಗ್ ಬೇಕು ಅಂತ ತೀರ್ಮಾನಿಸುವವರು ಯಾವ ಅಡುಗೆಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು ಅನ್ನೋದೇ ಪ್ರಶ್ನೆ. ಆ ಅಡುಗೆಮನೆ ಸುರಪುರದ್ದಂತೂ ಆಗಿರಲಿಕ್ಕಿಲ್ಲ.

ಬುಷ್ ಹೋದರೆ ಮಿಕ್ಸಿಯೇ ಹೋಯಿತೇ?

ಫ್ಯಾನ್ ಪ್ರಸಂಗ ಆದಮೇಲೆ ನಾವು ಸುಮ್ಮನೆ ಕೂರಲಿಲ್ಲ. ಯಾದಗಿರಿ, ಶಹಾಪುರ, ಸುರಪುರ ಮೂರೂ ಊರಿನ ರಿಪೇರಿ ಅಂಗಡಿಗಳಿಗೆ ಹೋಗಿ, ಎಸೆಯುವ ಹಳೇ ಬುಷ್ ಕೊಡ್ರಿ ಅಂತ ಕೇಳಿದೆವು. ಒಂದು ಬಿಸ್ಕತ್ ಡಬ್ಬಿ ತುಂಬ ಸಿಕ್ಕವು. ಇದನ್ನು ಸಂಶೋಧನೆ ಅಂತ ಕರೆಯೋದಿಲ್ಲ, ನಾವು ಕಂಡದ್ದನ್ನಷ್ಟೇ ಹೇಳುತ್ತೇವೆ.

ಅಂಗಡಿಯವರೆಲ್ಲ ಹೆಚ್ಚೂಕಡಿಮೆ ಒಂದೇ ದೂರು ಹೇಳಿದರು: ಸರಿಯಾದ ಅಳತೆಯ ಬುಷ್ ಸಿಗೋದಿಲ್ಲ. ಸಿಕ್ಕ ಬುಷ್ಷಿನ ಮೇಲೆ ಅಳತೆ ಇಲ್ಲ, ಕಂಚೋ ಕಬ್ಬಿಣವೋ ಗೊತ್ತಿಲ್ಲ, ಯಾವ ಎಣ್ಣೆ ತುಂಬಿದೆ ಗೊತ್ತಿಲ್ಲ. ಹತ್ತಿರದ ಅಳತೆಯದು ತಂದು ಒಳಗೆ ರೀಮರ್ ಹೊಡೆದು ಕೂರಿಸುತ್ತಾರೆ. ಹಾಗೆ ಹೊಡೆದಾಗ ಒಳಮೈಯ ರಂಧ್ರ ಸವರಿ ಮುಚ್ಚಿಹೋಗುತ್ತದೆ ಅನ್ನೋದು ಅವರಲ್ಲಿ ಅನುಭವಸ್ಥರಿಗೆ ಗೊತ್ತು. "ಗೊತ್ತದ ಸರ್, ಆದ್ರ ಗಿರಾಕಿಗೆ ಏನ್ ಹೇಳ್ಲಿ?" ಅಂತ ಸುರಪುರದ ಒಬ್ಬರು ಅಂದರು. ಹೊಸ ಮಾದರಿಯ ಕೆಲವು ಮೋಟಾರುಗಳಲ್ಲಿ ಬುಷ್ಷನ್ನು ಹೊರಚಿಪ್ಪಿನೊಳಗೇ ರಿವೆಟ್ ಮಾಡಿ ಮುಚ್ಚಿರುತ್ತಾರೆ. ಬುಷ್ ಬದಲಿಸಬೇಕೆಂದರೆ ಚಿಪ್ಪು ಒಡೆಯಬೇಕು, ಇಲ್ಲವೇ ಇಡೀ ಮೋಟಾರು ಬದಲಿಸಬೇಕು. ಮೋಟಾರಿನ ರೇಟು ಕೇಳಿದ ಗಿರಾಕಿ "ಹೊಸಾದೇ ತಗೋತೀನಿ ಬಿಡ್ರಿ" ಅಂತ ಎದ್ದು ಹೋಗುತ್ತಾನೆ.

ಇಲ್ಲಿ ನಷ್ಟ ಯಾರಿಗೆ? ಕೂಲಿಗೆ ಹೋಗಿ ಬಂದು ಕಂತಿನಲ್ಲಿ ಮಿಕ್ಸಿ ಕೊಂಡ ಮನೆಗೆ. ಎರಡು ಪೀಳಿಗೆ ಕೈಕಸುಬು ಕಲಿತ ರಿಪೇರಿಯವನಿಗೆ. ತಾಮ್ರ, ಅಲ್ಯೂಮಿನಿಯಂ, ಸ್ಟೀಲು ಎಲ್ಲ ಗುಜರಿಗೆ ಹೋಗುವುದರಿಂದ ನಾಡಿಗೂ. ಒಳ್ಳೆಯ ಪೌಡರ್ ಮೆಟಲರ್ಜಿ ಭಾಗ ಲೋಹ ಉಳಿಸುತ್ತದೆ ಅಂತ ಮೇಲೆ ಹೊಗಳಿದೆವು. ಬುಷ್ ಮಾಡುವಾಗ ಉಳಿಸಿದ ನಾಲ್ಕು ಗ್ರಾಂ ಲೋಹವನ್ನು, ಮೋಟಾರು ಎಸೆಯುವಾಗ ಕೆ.ಜಿ.ಗಟ್ಟಲೆ ಕಳೆದುಕೊಂಡರೆ ಆ ಉಳಿತಾಯಕ್ಕೆ ಏನರ್ಥ?

ಇದಕ್ಕೆ ದಾರಿ ಇಲ್ಲದಿಲ್ಲ. ಯುರೋಪಿನಲ್ಲಿ 2021ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ವಾಷಿಂಗ್ ಮಷಿನ್ ಬಿಡಿಭಾಗಗಳು, ಆ ಮಾದರಿಯ ಮಾರಾಟ ನಿಂತ ಮೇಲೂ 10 ವರ್ಷ ಸಿಗಬೇಕು, ಫ್ರಿಜ್‌ನವು 7 ವರ್ಷ. ನಮ್ಮಲ್ಲೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಸಮಿತಿ ಮಾಡಿತು, ಡಿಸೆಂಬರ್ 24ರಂದು ಅದಕ್ಕೊಂದು ಪೋರ್ಟಲ್ ಶುರು ಮಾಡಿತು. ಗೃಹೋಪಯೋಗಿ ವಸ್ತುಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೆ ಶಹಾಪುರದ ಕಾಕಾನ ಕೌಂಟರಿಗೆ ಇನ್ನೂ ಬುಷ್ಷಿನ ಅಳತೆ ಬಂದಿಲ್ಲ. 2023ರ ಜನವರಿಯಿಂದ ಸೀಲಿಂಗ್ ಫ್ಯಾನಿಗೆ ಸ್ಟಾರ್ ಲೇಬಲ್ ಕಡ್ಡಾಯ ಆಯಿತು, ಒಳ್ಳೆಯದೇ. ಕರೆಂಟು ಎಷ್ಟು ತಿನ್ನುತ್ತದೆ ಅಂತ ಹೇಳುವ ಸ್ಟಾರ್ ಇದೆ. ಎಷ್ಟು ವರ್ಷ ತಿರುಗುತ್ತದೆ, ಕೆಟ್ಟರೆ ಬಿಚ್ಚಬಹುದೇ ಅಂತ ಹೇಳುವ ಸ್ಟಾರ್ ಇಲ್ಲ. ಅದೂ ಬೇಕು ಅನ್ನೋದು ನಮ್ಮ ವಾದ.

'ಹಂಗಾದ್ರ ಇಲ್ಲೇ ಫ್ಯಾಕ್ಟರಿ ಹಾಕಿ' ಅನ್ನುವವರಿಗೆ

ಈ ವಿಷಯ ಕ್ಯಾಂಟೀನಿನಲ್ಲಿ ಎತ್ತಿದಾಗ ಒಬ್ಬ ಸೀನಿಯರ್ ತಕ್ಷಣ ಅಂದರು: "ಕಡೇಚೂರು–ಬಾಡಿಯಾಳದಲ್ಲಿ 3,000 ಎಕರೆಗೂ ಮೇಲೆ ಕೈಗಾರಿಕಾ ಜಾಗ ಇದೆ. ಅಲ್ಲೇ ಒಂದು ಪೌಡರ್ ಮೆಟಲರ್ಜಿ ಫ್ಯಾಕ್ಟರಿ ಬರಲಿ. ನಮಗೂ ಪ್ಲೇಸ್‌ಮೆಂಟ್ ಆಗ್ತದ." ಕೇಳಲಿಕ್ಕೆ ಚೆಂದ. ಜಿಲ್ಲೆಯಾಗಿ 2009ರ ಡಿಸೆಂಬರಿನಲ್ಲಿ ಹುಟ್ಟಿದ ಯಾದಗಿರಿಗೆ ಕಾರ್ಖಾನೆ ಬೇಕು ಅನ್ನೋದರಲ್ಲಿ ನಮಗೂ ಎರಡು ಮಾತಿಲ್ಲ. ಆದರೆ ಎಂಜಿನಿಯರಿಂಗ್ ಓದುವವರು ಘೋಷಣೆ ಕೂಗುವ ಮುಂಚೆ ಲೆಕ್ಕ ಹಾಕಬೇಕು.

ಈ ವಿಧಾನದಲ್ಲಿ ಖರ್ಚೆಲ್ಲ ಡೈ ಮತ್ತು ಪ್ರೆಸ್‌ನಲ್ಲಿ. ಒಂದು ಆಕಾರಕ್ಕೆ ಒಂದು ಡೈ. ಅದಕ್ಕೆ ಸುರಿದ ದುಡ್ಡು ವಾಪಸ್ ಬರಬೇಕಂದ್ರೆ ಅದೇ ಭಾಗವನ್ನು ಹತ್ತಾರು ಸಾವಿರ, ಲಕ್ಷದ ಲೆಕ್ಕದಲ್ಲಿ ಒತ್ತಬೇಕು. ಅಷ್ಟು ಕೊಳ್ಳುವ ಮೋಟಾರು, ಕಂಪ್ರೆಸರ್, ವಾಹನದ ಕಾರ್ಖಾನೆ ಹತ್ತಿರ ಇರಬೇಕು. ಇಂಥ ಭಾಗಗಳ ಕಾರ್ಖಾನೆಗಳು ಪುಣೆ ಕಡೆ, ಗಡಿಯಾಚೆಯ ಹೊಸೂರಿನ ಕಡೆ ಬೆಳೆದದ್ದು ಇದೇ ಕಾರಣಕ್ಕೆ. ಬಳ್ಳಾರಿ, ಕೊಪ್ಪಳದಲ್ಲಿ ಸ್ಪಾಂಜ್ ಐರನ್ ಇದೆಯಲ್ಲ ಅಂತ ಕೇಳಬಹುದು. ಉಕ್ಕಿನ ಕುಲುಮೆಗೆ ಹಾಕುವ ಆ ಕಬ್ಬಿಣ ಬೇರೆ, ಡೈಯೊಳಗೆ ನೀರಿನ ಹಾಗೆ ಹರಿಯಬೇಕಾದ ಶುದ್ಧ ಪುಡಿ ಬೇರೆ. ನಡುವೆ ಬಹಳ ಕೆಲಸ ಇದೆ.

ಹಾಗಂತ ಕೈ ಕಟ್ಟಿ ಕೂರಬೇಕಾಗಿಲ್ಲ. ಫ್ಯಾಕ್ಟರಿಗಿಂತ ಮುಂಚೆ ಬರಬೇಕಾದ್ದು ಬೇರೆ ಇದೆ: ಅಳೆಯುವ, ಪರೀಕ್ಷಿಸುವ, ಸರಿಪಡಿಸುವ ಕೈಗಳು. ಅದಕ್ಕೆ ಕೋಟಿ ಬೇಡ. ಒಣಗಿದ ಬುಷ್ಷಿಗೆ ಮತ್ತೆ ಎಣ್ಣೆ ಕುಡಿಸೋದನ್ನು ನಾವೇ ಲ್ಯಾಬಿನಲ್ಲಿ ಮಾಡಿ ನೋಡಿದೆವು. ಸುಮಾರು 80 ಡಿಗ್ರಿ ಬಿಸಿಯಾದ ಎಣ್ಣೆಯಲ್ಲಿ ಬುಷ್ ಮುಳುಗಿಸಿ ಕೆಲವು ತಾಸು ಇಟ್ಟು, ಎಣ್ಣೆಯೊಳಗೇ ತಣ್ಣಗಾಗಲು ಬಿಡಬೇಕು. ಕಾದಾಗ ಸಂದಿಯ ಗಾಳಿ ಹಿಗ್ಗಿ ಗುಳ್ಳೆಯಾಗಿ ಹೊರಬರುತ್ತದೆ, ತಣ್ಣಗಾದಾಗ ಆ ಜಾಗಕ್ಕೆ ಎಣ್ಣೆ ಹೋಗುತ್ತದೆ. ಎಣ್ಣೆ ಪಾತ್ರೆಯನ್ನು ನೇರ ಒಲೆ ಮೇಲಿಡಬೇಡಿ, ಬಿಸಿ ನೀರಿನ ಪಾತ್ರೆಯೊಳಗಿಡಿ. ತೆಳು ಟರ್ಬೈನ್ ಎಣ್ಣೆ ಇದಕ್ಕೆ ಸರಿ. ಕೊಬ್ಬರಿ ಎಣ್ಣೆ ಬೇಡವೇ ಬೇಡ, ಅದು ಕಾಲಕ್ರಮೇಣ ಅಂಟಾಗುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಇನ್ನೊಂದು ಎಚ್ಚರ: ಈ ಮಾತು ಮೋಟಾರಿನ ಬುಷ್ಷಿಗೆ ಮಾತ್ರ. ಮಿಕ್ಸಿ ಜಾರಿನ ತಳದ ಬುಷ್ ಊಟಕ್ಕೆ ತಾಗುವ ಜಾಗದ್ದು, ಅಲ್ಲಿ ಮಷಿನ್ ಎಣ್ಣೆ ಮುಟ್ಟಿಸಬಾರದು.

ಕುಡಿಸುವ ಮುಂಚೆ, ಕುಡಿಸಿದ ಮೇಲೆ ತೂಕ ನೋಡಿ. ನಮ್ಮ ಲೆಕ್ಕದ ಬುಷ್ಷಿನ ತೂಕ ಐದು ಗ್ರಾಂಗೆ ಹತ್ತಿರ, ಹಿಡಿಯುವ ಎಣ್ಣೆ ಸುಮಾರು 0.13 ಗ್ರಾಂ. ಕೆಮಿಸ್ಟ್ರಿ ಲ್ಯಾಬಿನ ತಕ್ಕಡಿ ಇದನ್ನು ಆರಾಮವಾಗಿ ಹಿಡಿಯುತ್ತದೆ. ಪೇಟೆಯಲ್ಲಿ ಸಿಗುವ ಬುಷ್ಷುಗಳಲ್ಲಿ ಯಾವುದರಲ್ಲಿ ನಿಜವಾಗಿ ಎಣ್ಣೆ ಇದೆ, ಯಾವುದು ಬರೀ ಬಳೆ ಅಂತ ಒಂದು ಮಧ್ಯಾಹ್ನದಲ್ಲಿ ಹೇಳಬಹುದು. ಈ ಕೆಲಸ ಇಲ್ಲಿಯವರೆಗೆ ಈ ಮೂರು ಊರಿನ ಅಂಗಡಿಯವರಿಗೆ ಯಾರೂ ಮಾಡಿಕೊಟ್ಟಿಲ್ಲ.

ನಾವು ಕೇಳೋದು ಇಷ್ಟು

ಮೊದಲು ನಮ್ಮನ್ನೇ ಕೇಳಿಕೊಳ್ಳುತ್ತೇವೆ. ಫೈನಲ್ ಇಯರ್ ಪ್ರಾಜೆಕ್ಟ್ ಬಂತಂದ್ರೆ ದೊಡ್ಡ ಊರಿನ ಪ್ರಾಜೆಕ್ಟ್ ಸೆಂಟರಿಗೆ ದುಡ್ಡು ಕೊಟ್ಟು ರೆಡಿಮೇಡ್ ಮಾಡೆಲ್ ತರುವ ಚಟ ನಮ್ಮಲ್ಲಿದೆ. ಸುಳ್ಳಾಡಿ ಪ್ರಯೋಜನ ಇಲ್ಲ, ಎಲ್ಲರಿಗೂ ಗೊತ್ತು. ಅಪ್ಪ ತೊಗರಿ ಮಾರಿದ ದುಡ್ಡು ಅದು. ಅದರ ಬದಲು ಒಂದು ತಂಡ ಮೂರು ಊರಿನ ಬುಷ್ಷುಗಳ ಅಳತೆ, ಸಾಂದ್ರತೆ, ಎಣ್ಣೆ ಪ್ರಮಾಣದ ಪಟ್ಟಿ ಮಾಡಲಿ. ಇನ್ನೊಂದು ತಂಡ ಸವೆದ ಬುಷ್ಷನ್ನು ಅರ್ಧ ಸೀಳಿ ಮೈಕ್ರೋಸ್ಕೋಪಿನಲ್ಲಿ ರಂಧ್ರ ಮುಚ್ಚಿರೋದು ತೋರಿಸಲಿ. ಎಲೆಕ್ಟ್ರಿಕಲ್‌ನವರು ಬುಷ್ ಒಣಗಿದಾಗ ಮೋಟಾರು ಎಷ್ಟು ಹೆಚ್ಚು ಕರೆಂಟು ಎಳೆಯುತ್ತದೆ ಅಂತ ಅಳೆಯಲಿ. ಕಂಪ್ಯೂಟರ್ ಸೈನ್ಸ್‌ನವರು ಆ ಪಟ್ಟಿಯನ್ನು ಕನ್ನಡದಲ್ಲಿ ಮೊಬೈಲಿಗೆ ತರಲಿ, ರಿಪೇರಿಯವರು ಶಾಫ್ಟಿನ ಅಳತೆ ಒತ್ತಿದರೆ ಸರಿಯಾದ ಬುಷ್ ಯಾವುದು ಅಂತ ಬರಲಿ.

ಎರಡನೆಯದು ಕಾಲೇಜಿಗೆ. ಇಂಡಸ್ಟ್ರಿಯಲ್ ವಿಸಿಟ್ ಅಂತ ಗೋವಾಕ್ಕೆ ಹೋಗಿ ಬಂದು, ದಾರಿಯಲ್ಲಿ ಯಾವುದೋ ಒಂದು ಗೇಟಿನ ಮುಂದೆ ಗ್ರೂಪ್ ಫೋಟೋ ತೆಗೆಸಿಕೊಳ್ಳುವುದನ್ನು ಬಿಡೋಣ. ನಮ್ಮಿಂದ ಸುಮಾರು 200 ಕಿ.ಮೀ. ದೂರದ ಹೈದರಾಬಾದಿನ ಬಾಲಾಪುರದಲ್ಲಿ ಪೌಡರ್ ಮೆಟಲರ್ಜಿಗೆಂದೇ ಕೇಂದ್ರ ಸರ್ಕಾರದ ಸಂಶೋಧನಾ ಕೇಂದ್ರ ಇದೆ, ಹೆಸರು ಎ.ಆರ್.ಸಿ.ಐ. ಬೆಳಗಿನ ರೈಲು ಹತ್ತಿದರೆ ರಾತ್ರಿ ವಾಪಸ್ ಬರಬಹುದು. ಗೋವಾ ಎಲ್ಲಿಗೂ ಓಡಿಹೋಗೋದಿಲ್ಲ. ಹಾಗೇ ವರ್ಷಕ್ಕೊಂದು ದಿನ ಶಹಾಪುರದ ಕಾಕಾನಂಥವರನ್ನು ಲ್ಯಾಬಿಗೆ ಕರೆಸಿ, ಕುರ್ಚಿ ಹಾಕಿ ಕೂರಿಸಿ, ನಾವು ನಿಂತು ಕಲಿಯುವ ಹಾಗೆ ಆಗಲಿ.

ಮೂರನೆಯದು ತಯಾರಕರಿಗೆ ಮತ್ತು ಅವರಿಗೆ ನಿಯಮ ಮಾಡುವವರಿಗೆ. ಪುಡಿ ಲೋಹದ ಭಾಗ ಬಳಸಿ, ನಮ್ಮ ತಕರಾರಿಲ್ಲ, ಸರಿಯಾದ ಜಾಗದಲ್ಲಿ ಅದು ಒಳ್ಳೆಯ ಎಂಜಿನಿಯರಿಂಗೇ. ಆದರೆ ಮಿಕ್ಸಿ ಜೊತೆ ಕೊಡುವ ಕಾಗದದಲ್ಲಿ ಬುಷ್ಷಿನ ಒಳ–ಹೊರ ಅಳತೆ, ಲೋಹ, ಎಣ್ಣೆ ಇಷ್ಟನ್ನು ಒಂದು ಸಾಲಿನಲ್ಲಿ ಅಚ್ಚು ಹಾಕಿ. ರಿವೆಟ್ ಬದಲು ಸ್ಕ್ರೂ ಹಾಕಿ. ಎರಡು ಬುಷ್ ಹೆಚ್ಚಿಗೆ ಒತ್ತೋದು ನಿಮ್ಮ ಪ್ರೆಸ್‌ಗೆ ಲೆಕ್ಕಕ್ಕೇ ಬಾರದ ಕೆಲಸ, ಅವನ್ನು ತಾಲ್ಲೂಕು ಊರಿನ ಅಂಗಡಿಗೆ ಮುಟ್ಟಿಸಿ.

"ಇಷ್ಟು ಸಣ್ಣ ಬುಷ್ಷಿಗೆ ಇಷ್ಟು ದೊಡ್ಡ ಲೇಖನವೇ?" ಅಂತ ನಮ್ಮ ಸಂಪಾದಕ ಮಿತ್ರರೂ ಕೇಳಿದರು. ನಮ್ಮ ಫ್ಯಾನ್ ಈಗ ತಿರುಗುತ್ತಿದೆ. ಕಾಕಾ ಹೊಸ ಬುಷ್ ಹಾಕಿ, ವೈಂಡಿಂಗ್ ಸುತ್ತಿಸಿ ಕೊಟ್ಟರು. ಬುಷ್ಷಿನ ದುಡ್ಡು ಚಹಾದ ಖರ್ಚಿನಷ್ಟು, ವೈಂಡಿಂಗ್‌ನದು ನಾಲ್ಕು ಜನರ ತಿಂಗಳ ಖರ್ಚಿನಲ್ಲಿ ಕಡಿತ. ನಮಗೆ ಗೊತ್ತಿಲ್ಲದ್ದಕ್ಕೆ ನಾವು ದಂಡ ಕಟ್ಟಿದೆವು. ಗೊತ್ತಿಲ್ಲದ ನಾವು ನಾಳೆ ಡಿಸೈನ್ ಟೇಬಲ್ ಮುಂದೆ ಕೂತರೆ ದಂಡ ಕಟ್ಟುವವರು ಊರಲ್ಲಿರುವ ನಮ್ಮ ಅವ್ವಂದಿರು.

ಬಿಸ್ಕತ್ ಡಬ್ಬಿ ಮೆಕ್ಯಾನಿಕಲ್ ವಿಭಾಗದ ಮೆಟೀರಿಯಲ್ ಲ್ಯಾಬಿನ ಕಿಟಕಿ ಪಕ್ಕ ಇಟ್ಟಿದ್ದೇವೆ. ರಜೆಗೆ ಊರಿಗೆ ಹೋದವರು ಹಳೇ ಫ್ಯಾನ್, ಮಿಕ್ಸಿ, ಕೂಲರ್ ಪಂಪಿನ ಬುಷ್ ಸಿಕ್ಕರೆ ತಂದು ಹಾಕಿ. ಯಾವ ಊರು, ಯಾವ ಸಾಮಾನು, ಎಷ್ಟು ವರ್ಷ ಓಡಿತು ಅಂತ ಒಂದು ಚೀಟಿ ಬರೆದು ಕಟ್ಟಿ. ಪೆಟ್ರೋಲಿನಲ್ಲಿ ಮಾತ್ರ ತೊಳೆಯಬೇಡಿ.